ಬತೂತ ಉಂಡ ಊರು

ತಾಮ್ರದ ಮೇಜು. ಅದರ ಮೇಲೊಂದು ತಾಮ್ರದ ತಟ್ಟೆ. ರೇಷ್ಮೆ ಸುತ್ತಿಕೊಂಡ ದಾಸಿಯೊಬ್ಬಳು ಬಂದು ಒಂದು ಸೌಟು ಅನ್ನ ಬಡಿಸಿ ಮೇಲೆ ತುಪ್ಪ ಹಾಕುತ್ತಾಳೆ. ತಟ್ಟೆಯ ಅಂಚಿಗೆ ಉಪ್ಪಿನಕಾಯಿ: ಹಸಿ ಕಾಳುಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವು. ಒಂದು ತುತ್ತು ಅನ್ನ, ಅದರ ಹಿಂದೆ ಒಂದು ಚೂರು ಉಪ್ಪಿನಕಾಯಿ. ಮೊದಲ ಸೌಟು ಖಾಲಿಯಾದರೆ ಎರಡನೆಯದು, ಅದರ ಜೊತೆಗೆ ಕೋಳಿ. ಮತ್ತೆ ಅನ್ನ, ಇನ್ನೊಂದು ಬಗೆಯ ಕೋಳಿ. ಮತ್ತೆ ಅನ್ನ, ಈಗ ಬಗೆಬಗೆಯ ಮೀನು. ಮೀನಿನ ಬಳಿಕ ತುಪ್ಪದಲ್ಲಿ ಬೇಯಿಸಿದ ತರಕಾರಿ, ಹಾಲಿನ ಅಡುಗೆ. ಎಲ್ಲ ಆದ ಮೇಲೆ ಮೊಸರು. ಮೊಸರು ಬಂತೆಂದರೆ ಬಡಿಸಲು ಇನ್ನೇನೂ ಉಳಿದಿಲ್ಲವೆಂದು ಅರ್ಥ. ಕುಡಿಯಲು ಬಿಸಿನೀರು, ಮಳೆಗಾಲದಲ್ಲಿ ತಣ್ಣೀರು ಮೈಗಾಗದು.

ಇದು ಹೊನ್ನಾವರದಲ್ಲಿ ಸುಮಾರು 680 ವರ್ಷಗಳ ಹಿಂದೆ ಬಡಿಸಿದ ಊಟ. ಉಂಡವನು ಮೊರಾಕ್ಕೊ ದೇಶದ ತಾಂಜಿಯರ್ ಪಟ್ಟಣದ ಇಬ್ನ್ ಬತೂತ. ಬಡಿಸಿದ್ದು ಊರಿನ ಒಡೆಯ ಸುಲ್ತಾನ ಜಮಾಲುದ್ದೀನನ ಮನೆಯಲ್ಲಿ. ದಿಲ್ಲಿಯ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟಿದ್ದ ಬತೂತ 1342ರ ಹೊತ್ತಿಗೆ ಈ ಕರಾವಳಿಗೆ ಬಂದ. ಮುಂದೆ ಕಲ್ಲಿಕೋಟೆಯ ಬಳಿ ರಾಯಭಾರದ ಹಡಗು ಒಡೆದು ಎಲ್ಲವನ್ನೂ ಕಳೆದುಕೊಂಡಾಗ ಮತ್ತೆ ಹೊನ್ನಾವರಕ್ಕೇ ಮರಳಿದ. ಜಮಾಲುದ್ದೀನನ ಬಳಿ ಹನ್ನೊಂದು ತಿಂಗಳು ರೊಟ್ಟಿಯ ಮುಖವನ್ನೇ ಕಾಣದೆ ಕಳೆದೆನೆಂದು ಅವನು ಬರೆಸಿಟ್ಟಿದ್ದಾನೆ. ಗೋಧಿಯ ನಾಡಿನಿಂದ ಬಂದವನಿಗೆ ಮೂರು ಹೊತ್ತೂ ಅನ್ನ!

ಉತ್ತರ ಕನ್ನಡ ಜಿಲ್ಲೆಯ ಈ ಪುಟ್ಟ ಪಟ್ಟಣಕ್ಕೆ ಇವತ್ತು ಬರುವವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಊಟಕ್ಕೆ ಎಲ್ಲಿ ಹೋಗುವುದು? ಸುತ್ತ ನೋಡುವಂಥದ್ದು ಏನಿದೆ? ಹೊನ್ನಾವರದ ಮಟ್ಟಿಗೆ ಇವೆರಡೂ ಒಂದೇ ಪ್ರಶ್ನೆ. ಶರಾವತಿಯ ಅಳಿವೆಯಲ್ಲಿ ಏಳು ಶತಮಾನ ಬಂದದ್ದು, ಹೋದದ್ದು, ಸುಟ್ಟದ್ದು, ಮುಳುಗಿದ್ದು ಎಲ್ಲದರ ಗುರುತು ಇಲ್ಲಿನ ಊಟದ ಎಲೆಯ ಮೇಲಿದೆ. ಎಲೆಯ ಮೇಲೆ ಸಿಕ್ಕ ಗುರುತು ಹಿಡಿದು ಹೊರಟರೆ ಕೋಟೆ, ಬಸದಿ, ಕುರ್ವೆ, ಮೀನು ಒಣಗಿಸುವ ಮರಳು ಎಲ್ಲವೂ ದಾರಿಯಲ್ಲೇ ಸಿಗುತ್ತವೆ.

ಸೌಟಿನ ಸಾಲು

ಬತೂತ ಕಂಡ ಹೊನ್ನಾವರ ಸಮುದ್ರದಿಂದ ಅರ್ಧ ಮೈಲಿ ಒಳಗೆ, ದೊಡ್ಡ ಹಡಗುಗಳು ನುಗ್ಗುವಷ್ಟು ಅಗಲದ ನೀರಿನ ದಡದಲ್ಲಿತ್ತು. ಊರಿನವರಿಗೆ ಹೊಲಗದ್ದೆಯಿಲ್ಲ, ಕಡಲ ವ್ಯಾಪಾರವೇ ಬದುಕು ಎನ್ನುತ್ತಾನೆ ಅವನು. ಮಳೆಗಾಲದ ನಾಲ್ಕು ತಿಂಗಳು ನೀರು ಎಷ್ಟು ಕೆರಳುತ್ತದೆಂದರೆ ಮೀನು ಹಿಡಿಯುವವರನ್ನು ಬಿಟ್ಟು ಬೇರೆ ಯಾರೂ ಇಳಿಯುವುದಿಲ್ಲ ಎನ್ನುತ್ತಾನೆ. ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಎಣಿಸಿದ. ಇಂಥದ್ದನ್ನು ಬೇರೆಲ್ಲೂ ನೋಡಿಲ್ಲವೆಂದ. ಹೊಲಿಯದ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಇನ್ನೊಂದನ್ನು ತಲೆಯ ಮೇಲೆ ಹೊದೆಯುವ, ಮೂಗಿಗೆ ಚಿನ್ನದ ನತ್ತು ಇಟ್ಟ ಹೆಂಗಸರು ಅವನ ಕಣ್ಣಿಗೆ ಬಿದ್ದರು. ಅವರಿಗೆಲ್ಲ ಕುರಾನು ಬಾಯಿಪಾಠವಾಗಿತ್ತು. ಸುಲ್ತಾನ ಜಮಾಲುದ್ದೀನನ ಮೇಲೊಬ್ಬ ಹಿಂದೂ ದೊರೆಯಿದ್ದ. ಬತೂತ ಅವನನ್ನು ಹರಿಯಬ್ ಎಂದು ಕರೆದಿದ್ದಾನೆ; ವಿಜಯನಗರದ ಮೊದಲನೆಯ ಹರಿಹರನೇ ಇವನೆಂದು ಇತಿಹಾಸಕಾರರು ಗುರುತಿಸುತ್ತಾರೆ.

ಹೊನ್ನಾವರದಿಂದ 52 ಹಡಗುಗಳ ದಂಡು ಗೋವೆಯ ಮೇಲೆ ಏರಿಹೋದಾಗ ಬತೂತನೂ ಒಂದು ಹಡಗು ಹತ್ತಿದ್ದ. ಆದರೆ ಆ ಯುದ್ಧಕ್ಕಿಂತ ಅವನ ಊಟದ ವರ್ಣನೆಯೇ ಇವತ್ತಿಗೆ ಹೆಚ್ಚು ಬೆಲೆಯುಳ್ಳದ್ದು. ಕನ್ನಡ ಕರಾವಳಿಯಲ್ಲಿ ಯಾವುದರ ಹಿಂದೆ ಯಾವುದನ್ನು ಬಡಿಸುತ್ತಿದ್ದರು ಎಂಬುದನ್ನು ಇಷ್ಟು ಬಿಡಿಬಿಡಿಯಾಗಿ ಹೇಳಿದ ಹಳೆಯ ದಾಖಲೆ ಅಪರೂಪ. ತಟ್ಟೆಯನ್ನು ಇಲ್ಲಿಯವರು ತಾಲಂ ಎನ್ನುತ್ತಾರೆಂದು ಹೆಸರನ್ನೂ ಅವನು ಬರೆದುಕೊಂಡಿದ್ದಾನೆ.

ಆ ಸಾಲು ಇವತ್ತಿಗೂ ತಪ್ಪಿಲ್ಲ. ಹೊನ್ನಾವರ ಸೀಮೆಯ ಯಾವುದೇ ಮದುವೆ ಮನೆಯಲ್ಲಿ ಕೂತರೂ ಎಲೆಯ ತುದಿಗೆ ಮೊದಲು ಉಪ್ಪು, ಉಪ್ಪಿನಕಾಯಿ. ಅನ್ನದ ಮೇಲೆ ತುಪ್ಪ. ಒಂದೊಂದು ಪದಾರ್ಥಕ್ಕೂ ಹೊಸದಾಗಿ ಅನ್ನ. ಕೊನೆಗೆ ಮಜ್ಜಿಗೆ ಅಥವಾ ಮೊಸರು. ಅದು ಬಂದ ಮೇಲೆ ಬಡಿಸುವವರು ತಿರುಗಿ ಬರುವುದಿಲ್ಲ. ಮೀನೂಟದ ಖಾನಾವಳಿಯಲ್ಲೂ ಲೆಕ್ಕ ಇಷ್ಟೇ: ಅನ್ನ, ಸಾರು, ಹುರಿದ ಮೀನು, ಮತ್ತೆ ಅನ್ನ, ಮೊಸರು. ಆಷಾಢದಲ್ಲಿ ಹೋದವರಿಗೆ ಲೋಟದಲ್ಲಿ ಬಿಸಿನೀರನ್ನೇ ಇಡುತ್ತಾರೆ.

ಬತೂತನ ತಟ್ಟೆಯಲ್ಲಿದ್ದ ಮಾವಿನ ಉಪ್ಪಿನಕಾಯಿಯ ವಂಶವೂ ಇಲ್ಲೇ ಇದೆ. ಶರಾವತಿ, ಅಘನಾಶಿನಿ ಹೊಳೆಗಳ ದಂಡೆಯ ಕಾಡುಮಾವಿನ ಮರಗಳಲ್ಲಿ ಬಿಡುವ ಅಪ್ಪೆಮಿಡಿ ಗೊರಟು ಗಟ್ಟಿಯಾಗುವ ಮೊದಲೇ ಇಳಿಯಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಕೊಳೆಯುತ್ತದೆ, ಹಾಗಾಗಿ ಮರ ಹತ್ತಿದವನು ಗೊಂಚಲನ್ನೇ ಹುಷಾರಾಗಿ ಕೆಳಗಿಳಿಸುತ್ತಾನೆ. ತೊಟ್ಟು ಮುರಿದಾಗ ಚಿಮ್ಮುವ ಸೊನೆಯ ವಾಸನೆಯಿಂದಲೇ ಇದು ಯಾವ ಮರದ ಮಿಡಿ ಎಂದು ಹೇಳಬಲ್ಲ ಹಿರಿಯರು ಘಟ್ಟದ ಕೆಳಗೂ ಮೇಲೂ ಇದ್ದಾರೆ. ಜೀರಿಗೆಯ ಪರಿಮಳದ ಮರವೊಂದಾದರೆ ಕರ್ಪೂರದ ಪರಿಮಳದ್ದು ಇನ್ನೊಂದು. ಬರೀ ಉಪ್ಪಿನಲ್ಲಿ ಮಿಡಿ ಸುಕ್ಕುಗಟ್ಟಿದ ಮೇಲೆ ಖಾರ ಅರೆದು ಭರಣಿ ತುಂಬಿಸಿದರೆ ವರ್ಷಗಟ್ಟಲೆ ಕೆಡದು. ಹಸಿ ಕಾಳುಮೆಣಸಿನ ಗೊಂಚಲನ್ನು ಉಪ್ಪು, ನಿಂಬೆರಸದಲ್ಲಿ ನೆನೆಸಿಡುವ ಪದ್ಧತಿಯೂ ಇನ್ನೂ ಬಿಟ್ಟುಹೋಗಿಲ್ಲ.

ಒಂದು ವ್ಯತ್ಯಾಸವಿದೆ, ಅದೂ ದೊಡ್ಡದು. ಬತೂತನ ತಟ್ಟೆಯಲ್ಲಿ ಕೆಂಪು ಎಂಬ ಬಣ್ಣ ಇರಲಿಲ್ಲ.

ಮೆಣಸು ಹೋಯಿತು, ಮೆಣಸಿನಕಾಯಿ ಬಂತು

ಮೀನುಸಾರಿಗೆ ಕೆಂಪು ಕೊಡುವ ಒಣಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಅದು ಈ ದಡಕ್ಕೆ ಬಂತು. ಅವರ ಮೊದಲ ಭೇಟಿಗಳಲ್ಲಿ ಒಂದು ಹೊನ್ನಾವರದ ಪಾಲಿಗೆ ಬೆಂಕಿಯಾಗಿತ್ತು. 1505ರ ಅಕ್ಟೋಬರಿನಲ್ಲಿ ಪೋರ್ಚುಗೀಸ್ ವೈಸರಾಯ್ ಫ್ರಾನ್ಸಿಸ್ಕೊ ದೆ ಅಲ್ಮೇಡಾ ಅಳಿವೆಯೊಳಗೆ ನುಗ್ಗಿ ಹಡಗುಗಳನ್ನು ಸುಟ್ಟ. ಅವನೊಡನೆ ಸಂಧಿಗೆ ಬಂದ ಊರಿನ ಕಡಲ ನಾಯಕ ತಿಮ್ಮೋಜ ಐದು ವರ್ಷಗಳ ಬಳಿಕ, 1510ರಲ್ಲಿ, ಪೋರ್ಚುಗೀಸರ ಸೇನಾನಿ ಅಲ್ಬುಕರ್ಕ್‌ಗೆ ಗೋವೆಯ ದಾರಿ ತೋರಿಸಿದ. 1569ರಲ್ಲಿ ಪೋರ್ಚುಗೀಸರು ಹೊನ್ನಾವರದಲ್ಲೇ ಕೋಟೆ ಹಿಡಿದು ಕೂತರು.

ಅವರಿಗೆ ಬೇಕಾಗಿದ್ದದ್ದು ಕಾಳುಮೆಣಸು. ಅದು ಘಟ್ಟದ ತಪ್ಪಲಿನಿಂದ ದೋಣಿಯಲ್ಲಿ ಹೊಳೆ ಇಳಿದು ಬರುತ್ತಿತ್ತು. ಅಕ್ಕಿಯ ವ್ಯಾಪಾರವೂ ಸಣ್ಣದಾಗಿರಲಿಲ್ಲ. ಹದಿನಾರನೆಯ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೊಸಾ ಮಲಬಾರಿನ ಹಡಗುಗಳನ್ನು ಕಂಡು ದಾಖಲಿಸಿದ್ದಾನೆ: ತರುವುದು ತೆಂಗಿನಕಾಯಿ, ಎಣ್ಣೆ, ತಾಳೆಬೆಲ್ಲ, ಒಯ್ಯುವುದು ಇಲ್ಲಿನ ಅಗ್ಗದ ಕಪ್ಪು ಅಕ್ಕಿ.

ಮೆಣಸಿನ ಹಡಗು ತಿರುಗಿ ಬರುವಾಗ ತಂದ ಗಿಡಗಳಿಗೆ ಕನ್ನಡಿಗರು ಹೆಸರಿಟ್ಟ ಬಗೆ ಸೊಗಸಾಗಿದೆ. ಹೊಸದಾಗಿ ಬಂದ ಖಾರದ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದರು. ಮನೆಯಂಗಳದ ಪುಟ್ಟ ಉರಿಖಾರದ ಗಿಡ ಸೂಜಿಮೆಣಸು ಆಯಿತು. ಕಾಡಿನಲ್ಲಿ ಗೇರು ಎಂಬ ಮರ ಮೊದಲೇ ಇತ್ತು, ಅಗಸರು ಬಟ್ಟೆಗೆ ಗುರುತು ಹಾಕಲು ಅದರ ಕಾಯಿಯ ರಸ ಬಳಸುತ್ತಿದ್ದರು. ಬ್ರೆಜಿಲಿನಿಂದ ಬಂದ ಗೋಡಂಬಿ ಮರದ ಬೀಜ ಅದನ್ನೇ ಹೋಲುತ್ತಿದ್ದುದರಿಂದ ಅದೂ ಗೇರಾಯಿತು. ಹಳೆಯದು ಕರಿಗೇರು ಎನಿಸಿಕೊಂಡಿತು. ಕೆಲವು ಗಿಡಗಳು ತಂದವರ ಹೆಸರನ್ನೇ ಉಳಿಸಿಕೊಂಡವು: ಫಿರಂಗಿಯವರು ತಂದದ್ದು ಪರಂಗಿ ಹಣ್ಣು. ಬಟಾಟೆ, ಅನಾನಸು ಪೋರ್ಚುಗೀಸ್ ಮಾತಿನಿಂದಲೇ ಬಂದವು.

ಹೊನ್ನಾವರದ ಬಂಗಡೆ ಸಾರಿನ ಪಾತ್ರೆಯಲ್ಲಿ ಈ ಎರಡೂ ಕಾಲಗಳು ಒಟ್ಟಿಗೆ ಕುದಿಯುತ್ತವೆ. ಅರೆದ ತೆಂಗಿನಕಾಯಿ, ಒಣಮೆಣಸಿನಕಾಯಿ, ಹುಳಿಗೆ ಹುಣಸೆ ಅಥವಾ ಮುರುಗಲ ಸಿಪ್ಪೆ, ಕಡೆಗೆ ಜಜ್ಜಿ ಹಾಕುವ ಜುಮ್ಮನಕಾಯಿ. ಈ ಜುಮ್ಮನಕಾಯಿ ಘಟ್ಟದ ಕಾಡಿನದು. ನಾಲಿಗೆಯ ಮೇಲಿಟ್ಟರೆ ಹೆಸರಿಗೆ ತಕ್ಕಂತೆ ಜುಮ್ಮೆನ್ನುತ್ತದೆ, ಬಂಗಡೆ, ತಾರ್ಲೆಯಂಥ ಎಣ್ಣೆಮೀನಿನ ಹಸಿ ವಾಸನೆಯನ್ನು ಅಡಗಿಸುತ್ತದೆ. ಇಸ್ವಾಣಕ್ಕೆ ಇದರ ಅಗತ್ಯವಿಲ್ಲ, ಅದನ್ನು ಹೋಳು ಮಾಡಿ ರವೆ ಹಚ್ಚಿ ಹುರಿದರೆ ಸಾಕು. ಸಿಗಡಿಗೆ ಇಲ್ಲಿ ಶೆಟ್ಲಿ ಎಂಬ ಹೆಸರೂ ಇದೆ. ಬಂದರು, ಬಸ್ ನಿಲ್ದಾಣದ ಸುತ್ತಲಿನ ಖಾನಾವಳಿಗಳಲ್ಲಿ ಬೆಳಿಗ್ಗೆ ದೋಣಿಯಲ್ಲಿ ಬಂದದ್ದೇ ಮಧ್ಯಾಹ್ನ ಎಲೆಗೆ ಬರುತ್ತದೆ. ಇವತ್ತು ಏನಿದೆ ಎಂದು ಕೇಳಿ ಕೂರುವುದೇ ಇಲ್ಲಿನ ರೂಢಿ.

ನವಾಯತರ ಅಡುಗೆಮನೆ ಇನ್ನೂ ಹಿಂದಿನ ಕಾಲಕ್ಕೆ ಕರೆದೊಯ್ಯುತ್ತದೆ. ಬತೂತ ಕಂಡ ಹೊನ್ನಾವರದ ಮುಸಲ್ಮಾನರು ಶಾಫಿ ಪಂಥದವರು. ಅರಬ್ ವ್ಯಾಪಾರಿಗಳ ಸಂತತಿಯೆಂದು ತಮ್ಮನ್ನು ಕರೆದುಕೊಳ್ಳುವ, ಕೊಂಕಣಿಗೆ ಹತ್ತಿರದ ನವಾಯತಿ ಮಾತಾಡುವ ಭಟ್ಕಳದ, ಹೊನ್ನಾವರ ತಾಲ್ಲೂಕಿನ ಹೊಳೆಸಾಲಿನ ನವಾಯತರು ಇಂದಿಗೂ ಶಾಫಿಗಳೇ. ದಕ್ಷಿಣಕ್ಕೆ ಭಟ್ಕಳದವರೆಗೆ ಹೋದರೆ ಈರುಳ್ಳಿಯ ದಟ್ಟ ಮಸಾಲೆಯನ್ನೂ ಅನ್ನವನ್ನೂ ಬೇರೆ ಬೇರೆ ಬೇಯಿಸಿ ಪದರ ಹಾಕುವ ಅವರ ಬಿರಿಯಾನಿ ಸಿಗುತ್ತದೆ. ಅನ್ನದ ಬದಲು ಶಾವಿಗೆ ಹಾಕಿದ ಬಿರಿಯಾನಿ ಅವರದೇ ಕೈಚಳಕ.

ಹೊಳೆ ಏರಿದರೆ ಗೇರುಸೊಪ್ಪೆ

ಊಟ ಮುಗಿಸಿ ಎಲ್ಲಿಗೆ? ಮೆಣಸು ಇಳಿದು ಬರುತ್ತಿದ್ದ ದಾರಿಯನ್ನೇ ಹಿಡಿದು ಮೇಲಕ್ಕೆ ಹೋಗಬಹುದು. ಈಗ ಹೊಳೆಗುಂಟ ರಸ್ತೆಯಿದೆ. ಹೊನ್ನಾವರದಿಂದ ಪೂರ್ವಕ್ಕೆ, ಸಾಗರ ಪಟ್ಟಣದ ದಿಕ್ಕಿಗೆ ಸುಮಾರು 30 ಕಿ.ಮೀ. ಸಾಗಿದರೆ ಗೇರುಸೊಪ್ಪೆ.

1623ರಲ್ಲಿ ಇದೇ ದಾರಿಯನ್ನು ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ ದೋಣಿಯಲ್ಲಿ ಕ್ರಮಿಸಿದ. ಗೋವೆಯ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ರಾಯಭಾರ ಕಳಿಸಿದ್ದರು, ಕುತೂಹಲಕ್ಕೆ ಇವನೂ ಸೇರಿಕೊಂಡ. ನಾಯಕನ ಕಡೆಯ ರಾಯಭಾರಿ ವಿಠ್ಠಲ ಶೆಣೈ ಜೊತೆಗಿದ್ದ. ಎರಡೂ ದಂಡೆಯ ಹಸಿರನ್ನು ದೆಲ್ಲಾ ವಾಲ್ಲೆ ಬಾಯ್ತುಂಬ ಹೊಗಳಿದ. ಆದರೆ ಗೇರುಸೊಪ್ಪೆ ತಲುಪಿದಾಗ ಕಂಡದ್ದು ಕಾಡು ನುಂಗುತ್ತಿದ್ದ ರಾಜಧಾನಿ, ನಡುವೆ ಕೆಲವು ಗುಡಿಸಲುಗಳು.

ಅದಕ್ಕೆ ಹದಿನೇಳು ವರ್ಷಗಳ ಹಿಂದಿನವರೆಗೂ ಅಲ್ಲಿ ಚೆನ್ನಭೈರಾದೇವಿ ಆಳುತ್ತಿದ್ದಳು. ಸಾಳುವ ಮನೆತನದ ಈ ಜೈನ ರಾಣಿ 1552ರಿಂದ 1606ರವರೆಗೆ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ, ಅಧಿಕಾರದಲ್ಲಿದ್ದಳು. ಘಟ್ಟದ ಮೆಣಸಿನ ವ್ಯಾಪಾರ ಅವಳ ಕೈಯಲ್ಲಿತ್ತು. ಪೋರ್ಚುಗೀಸರು ಅವಳನ್ನು ರೈನಾ ದ ಪಿಮೆಂಟಾ ಎಂದರು, ಅಂದರೆ ಮೆಣಸಿನ ರಾಣಿ. ಅವರೊಡನೆ ಯುದ್ಧವೂ ಮಾಡಿದಳು, ವ್ಯಾಪಾರವೂ ಮಾಡಿದಳು. ಕುಮಟಾ ಬಳಿಯ ಮಿರ್ಜಾನ ಕೋಟೆಯೊಂದಿಗೂ ಅವಳ ಹೆಸರು ಬೆಸೆದಿದೆ. ಕೊನೆಗೆ ಕೆಳದಿ ಮನೆತನದ ಅದೇ ವೆಂಕಟಪ್ಪ ನಾಯಕ ಗೇರುಸೊಪ್ಪೆಯನ್ನು ಗೆದ್ದು ಅವಳನ್ನು ಸೆರೆಗೆ ಹಾಕಿದ. ಬಹುಕಾಲ ಕನ್ನಡಿಗರ ನೆನಪಿನ ಅಂಚಿನಲ್ಲಿದ್ದ ಈ ರಾಣಿಯನ್ನು ಗಜಾನನ ಶರ್ಮರ ಕಾದಂಬರಿ ಮತ್ತೆ ಮನೆಮಾತಾಗಿಸಿತು.

ಅವಳ ರಾಜಧಾನಿಯಲ್ಲಿ ಉಳಿದದ್ದು ಕಾಡಿನ ನಡುವೆ ನಿಂತ ಬಸದಿಗಳು. ನಗರಬಸ್ತಿಕೇರಿಯ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು, ನಾಲ್ಕು ದಿಕ್ಕಿಗೂ ಮುಖ ಮಾಡಿದ ಜಿನಮೂರ್ತಿಗಳು. ಎಲ್ಲಿ ನಿಂತರೂ ಒಂದು ಮುಖ ಎದುರಾಗುತ್ತದೆ. ಅರಮನೆಯಿಲ್ಲ, ಪೇಟೆಯಿಲ್ಲ. ಮರಗಳನ್ನು ತಬ್ಬಿಕೊಂಡು ಮೇಲೇರುವ ಮೆಣಸಿನ ಬಳ್ಳಿಗಳು ಮಾತ್ರ ಸುತ್ತಲಿನ ತೋಟಗಳಲ್ಲಿ ಈಗಲೂ ಗೊಂಚಲು ಬಿಡುತ್ತವೆ.

ಗೇರುಸೊಪ್ಪೆಯಿಂದ ಘಟ್ಟ ಹತ್ತುವಾಗ ದೆಲ್ಲಾ ವಾಲ್ಲೆ ಕಂಡ ಇನ್ನೊಂದು ನೋಟವನ್ನು ಬಿಡುವಂತಿಲ್ಲ. ಗುಡಿಯೊಂದರ ಜಗಲಿಯಲ್ಲಿ ನಾಲ್ಕು ಹುಡುಗರು ನೆಲದ ಮೇಲೆ ನುಣುಪಾದ ಮರಳು ಹರಡಿ, ರಾಗವಾಗಿ ಲೆಕ್ಕ ಹೇಳುತ್ತ, ಬೆರಳಿನಿಂದ ಅಂಕಿ ತೀಡುತ್ತಿದ್ದರು. ಜಾಗ ತುಂಬಿದರೆ ಅಳಿಸಿ ಮತ್ತೆ ಮರಳು. ಮರೆತರೆ ಹೇಳಿಕೊಡುವವರು ಯಾರು ಎಂದು ಅವನು ಕೇಳಿದ. ನಾಲ್ವರೂ ಒಟ್ಟಿಗೇ ಮರೆಯಲಾರೆವು, ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ ಎಂಬರ್ಥದ ಉತ್ತರ ಬಂತು. ಬತೂತ 36 ಶಾಲೆಗಳನ್ನು ಎಣಿಸಿದ ಹೊಳೆಯದೇ ಇನ್ನೊಂದು ತುದಿ ಇದು.

ಕಟ್ಟಿದ ಹಡಗು, ಉಳಿದ ಕುರ್ವೆ

ಗೇರುಸೊಪ್ಪೆಯಿಂದ ಕೆಳಗೆ ಶರಾವತಿ ಅಗಲವಾಗುತ್ತ ಹೋಗಿ ನಡುನಡುವೆ ಕುರ್ವೆಗಳನ್ನು ಬಿಟ್ಟಿದೆ. ಕುರ್ವೆಯೆಂದರೆ ಹೊಳೆಯ ನಡುಗಡ್ಡೆ. ಮಾವಿನಕುರ್ವೆಯಂಥವು ತೆಂಗು, ಮನೆ, ದನಕರುಗಳಿಂದ ತುಂಬಿದ ಊರುಗಳೇ. ಇಲ್ಲಿನ ಮನೆಗಳಿಗೆ ಪಾತಿದೋಣಿ ಎಂದರೆ ಪೇಟೆಯವರಿಗೆ ಸೈಕಲ್ ಇದ್ದಂತೆ. ಹೆದ್ದಾರಿಗೆ ಸೇತುವೆ ಬರುವ ಮೊದಲು ಅಳಿವೆ ದಾಟಲು ತಾರಿಯೇ ಗತಿಯಾಗಿತ್ತು.

ಈ ನೀರಿನಲ್ಲಿ ಒಂದು ಕಾಲಕ್ಕೆ ಯುದ್ಧದ ಹಡಗು ಕಟ್ಟುತ್ತಿದ್ದರು. ಹೈದರಾಲಿ ಹೊನ್ನಾವರದಲ್ಲಿ ಹಡಗುಕಟ್ಟೆ ಮಾಡಿಸಿದ್ದ. 1783ರಲ್ಲಿ ಇಂಗ್ಲಿಷರ ಸೇನಾನಿ ಮ್ಯಾಥ್ಯೂಸ್ ಊರನ್ನು ಹಿಡಿದ. ಆಮೇಲೆ ಟಿಪ್ಪುವಿನ ಸೈನ್ಯ ಮುತ್ತಿಗೆ ಹಾಕಿತು. ಇಂಗ್ಲಿಷರ ಕ್ಯಾಪ್ಟನ್ ಟೊರಿಯಾನೊ ಹಸಿವು, ರೋಗಗಳ ನಡುವೆ ತಿಂಗಳುಗಟ್ಟಲೆ ಕೋಟೆಯನ್ನು ಬಿಡದೆ ಕೂತ. 1784ರ ಮಂಗಳೂರು ಒಪ್ಪಂದದಿಂದ ಊರು ಟಿಪ್ಪುವಿಗೆ ಮರಳಿತು, ಮರಳಿದ ಮೇಲೆ ಅವನು ಅದನ್ನು ಕೆಡವಿಸಿದ. 1801ರಲ್ಲಿ ಸಮೀಕ್ಷೆಗೆಂದು ಬಂದ ಫ್ರಾನ್ಸಿಸ್ ಬುಕಾನನ್‌ಗೆ ಸಿಕ್ಕಿದ್ದು ನೆಲಸಮವಾದ ವ್ಯಾಪಾರದ ಊರು. ಹೊಳೆಯ ಮೀನಿಗೆ ಮಾತ್ರ ಕೊರತೆಯಿರಲಿಲ್ಲ.

ಪಾವಿನಕುರ್ವೆಯ ಎದುರು ಸಮುದ್ರದಲ್ಲಿರುವ ಬಸವರಾಜದುರ್ಗ ಆ ಕದನಗಳ ಕಾಲವನ್ನು ನೆನಪಿಸುವ ನಡುಗಡ್ಡೆ. ಕೆಳದಿ ಅರಸರ ಕಾಲದ ಕೆಂಪುಕಲ್ಲಿನ ಗೋಡೆ, ಕೊತ್ತಲ, ತುಕ್ಕು ಹಿಡಿದ ಫಿರಂಗಿಗಳು ಅಲ್ಲಿವೆ. ಅಲೆ ತಣ್ಣಗಿರುವ ತಿಂಗಳುಗಳಲ್ಲಿ, ಅಳಿವೆಯ ಬಾಯಿ ಬಲ್ಲ ಸ್ಥಳೀಯರ ದೋಣಿಯಲ್ಲೇ ಹೋಗಬೇಕು. ಹೊಳೆ ತಂದ ಮರಳಿನ ದಿಬ್ಬ ಅಳಿವೆಯಲ್ಲಿ ಜಾಗ ಬದಲಿಸುತ್ತಲೇ ಇರುತ್ತದೆ. ಅನುಭವಿಗಳ ದೋಣಿಗಳೂ ಇಲ್ಲಿ ಮಗುಚಿವೆ.

ಮುಂಬಯಿ ಪ್ರಾಂತದ ಮಿಸಾಳ್

ಬೆಳಗಿನ ತಿಂಡಿಯ ಇತಿಹಾಸ ಬೇರೆ. ಹೊನ್ನಾವರ, ಕುಮಟಾ, ಅಂಕೋಲೆಯ ಚಹಾದ ಅಂಗಡಿಗಳಲ್ಲಿ ಬನ್ಸ್, ಬಾಜಿ ಸಿಗುತ್ತದೆ, ಅವಲಕ್ಕಿ ಸಿಗುತ್ತದೆ, ಜೊತೆಗೆ ಮಿಸಾಳ್ ಕೂಡ. ಕುಂದಾಪುರ ದಾಟಿ ದಕ್ಷಿಣಕ್ಕೆ ಹೋದಂತೆ ಮಿಸಾಳ್ ಮಾಯವಾಗುತ್ತದೆ. ಈ ಗೆರೆ ಎಳೆದದ್ದು ಬ್ರಿಟಿಷ್ ಆಡಳಿತ. ಒಂದೇ ಆಗಿದ್ದ ಕೆನರಾ ಜಿಲ್ಲೆಯನ್ನು ಎರಡು ಮಾಡಿ, 1862ರಲ್ಲಿ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ದಕ್ಷಿಣ ಭಾಗ ಮದರಾಸಿನಲ್ಲೇ ಉಳಿಯಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವ ತನಕ, ತೊಂಬತ್ತಕ್ಕೂ ಹೆಚ್ಚು ವರ್ಷ, ಹೊನ್ನಾವರದ ಕಚೇರಿ ಕಾಗದಗಳು ಮುಂಬಯಿಯತ್ತ ಹೋದವು. ಖಾನಾವಳಿ ಎಂಬ ಮಾತು, ಮಿಸಾಳಿನ ರುಚಿ ಅತ್ತ ಕಡೆಯಿಂದ ಬಂದವು.

ಹವ್ಯಕರ ಮನೆಯಡುಗೆ ಈ ಗಡಿಗಳ ಗೊಡವೆಗೆ ಹೋಗಲಿಲ್ಲ. ಬೆಳಿಗ್ಗೆ ಅಕ್ಕಿಹಿಟ್ಟಿನ ತೆಳ್ಳೇವು. ಮಧ್ಯಾಹ್ನ ಹಿತ್ತಿಲಿನ ಒಂದೆಲಗ, ನೆಲ್ಲಿಯಂಥ ಯಾವುದಾದರೊಂದರ ತಂಬುಳಿ. ಬೇಯಿಸಿ ಕಿವುಚಿದ ಮಾವಿನಕಾಯಿಗೆ ನೀರು, ಉಪ್ಪು, ಸೂಜಿಮೆಣಸು ಸೇರಿಸಿ ಒಗ್ಗರಣೆ ಕೊಟ್ಟ ಅಪ್ಪೆಹುಳಿ. ಇದನ್ನು ಅನ್ನಕ್ಕೂ ಕಲಸುತ್ತಾರೆ, ಲೋಟದಲ್ಲಿ ಹಾಗೇ ಕುಡಿಯುತ್ತಾರೆ, ಕುಡಿದ ಮೇಲೆ ಒಂದು ನಿದ್ದೆ ಖಂಡಿತ. ಆಲೆಮನೆ ಕಾಲದಲ್ಲಿ ತೊಡದೇವು: ಒಲೆಯ ಮೇಲೆ ಮಡಕೆ ಬೋರಲು ಹಾಕಿ, ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಬಟ್ಟೆಯಿಂದ ಅದರ ಮೇಲೆ ಸವರಿ, ಕಾಗದದಷ್ಟು ತೆಳ್ಳಗೆ ಎಬ್ಬಿಸುವ ಸಿಹಿ. ಇಂಥವನ್ನು ಹೋಟೆಲಿನಲ್ಲಿ ಹುಡುಕುವುದಕ್ಕಿಂತ ಹೊಳೆಸಾಲಿನ, ಘಟ್ಟದಂಚಿನ ಹೋಂಸ್ಟೇಗಳಲ್ಲಿ ಒಂದು ದಿನ ಮೊದಲೇ ಹೇಳಿಟ್ಟು ಉಣ್ಣುವುದು ಮೇಲು.

ಇಡಗುಂಜಿಯ ಮಹಾಗಣಪತಿಯ ದರ್ಶನಕ್ಕೆ ಹೋದವರು ಪಂಚಕಜ್ಜಾಯವನ್ನು ಕಟ್ಟಿಸಿಕೊಳ್ಳದೆ ಬರುವುದಿಲ್ಲ. ಆ ಗಣಪತಿಯ ಹೆಸರಿನಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಯಕ್ಷಗಾನ ಮಂಡಳಿ ಇವತ್ತಿಗೂ ಗುಣವಂತೆಯಲ್ಲಿ ಜೀವಂತವಾಗಿದೆ. ಅವರ ಮಗ ಶಂಭು ಹೆಗಡೆಯವರು 2009ರಲ್ಲಿ ಇಡಗುಂಜಿಯ ರಂಗಸ್ಥಳದಲ್ಲಿ ವೇಷದಲ್ಲಿದ್ದಾಗಲೇ ಕುಸಿದು ತೀರಿಕೊಂಡರು. ಚಳಿಗಾಲದಿಂದ ಮಳೆಯ ತನಕ ಸುತ್ತಿನ ಯಾವುದಾದರೊಂದು ಊರಿನಲ್ಲಿ ಆಟ ಇದ್ದೇ ಇರುತ್ತದೆ. ಸಂಜೆ ಬೇಗ ಉಂಡು ಚೆಂಡೆಯ ಸದ್ದಿನ ಜಾಡು ಹಿಡಿದರೆ ದಾರಿ ಕೇಳುವ ಅಗತ್ಯವಿಲ್ಲ.

ಕಾಸರಕೋಡಿನ ದಡ

ಅಳಿವೆಯ ದಕ್ಷಿಣ ದಂಡೆ ಕಾಸರಕೋಡು. ಇಲ್ಲಿನ ಕಡಲತೀರಕ್ಕೆ 2020ರಲ್ಲಿ ನೀಲಿ ಧ್ವಜದ ಮಾನ್ಯತೆ ಸಿಕ್ಕಿತು. ಪಡುಬಿದ್ರಿಯ ಜೊತೆಗೆ, ರಾಜ್ಯಕ್ಕೆ ಮೊದಲು. ಹತ್ತಿರದಲ್ಲೇ ಶರಾವತಿಯ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ಕಾಲುದಾರಿಯಿದೆ. ಕೆಸರಿನಿಂದ ಮೇಲೆದ್ದ ಬೇರುಗಳ ನಡುವೆ ಏಡಿಗಳು ಓಡುವುದನ್ನು ಮೇಲಿನಿಂದಲೇ ನೋಡುತ್ತ ನಡೆಯಬಹುದು. ಇನ್ನೂ ದಕ್ಷಿಣಕ್ಕೆ ಅಪ್ಸರಕೊಂಡ; ಪುಟ್ಟ ಜಲಪಾತ, ಅದರ ಕೆಳಗೆ ಸಮುದ್ರ. ಹೊಳೆಗೆ ಅಡ್ಡವಾಗಿ 2 ಕಿ.ಮೀ.ಗೂ ಉದ್ದದ ರೈಲು ಸೇತುವೆ, ಕೊಂಕಣ ರೈಲ್ವೆಯ ಅತಿ ಉದ್ದದ್ದು. 1998ರಲ್ಲಿ ಈ ಮಾರ್ಗ ಪೂರ್ತಿ ತೆರೆದ ಮೇಲೆ ಮುಂಬಯಿ ಮತ್ತೆ ಒಂದು ರಾತ್ರಿಯ ದೂರಕ್ಕೆ ಬಂತು.

ಬಳಚು ತಿನ್ನಬೇಕೆಂದು ಬಂದವರನ್ನು ಮಾತ್ರ ಹೊನ್ನಾವರದವರು ಉತ್ತರಕ್ಕೆ, ಕುಮಟೆಯ ಅಘನಾಶಿನಿಯತ್ತ ಕೈತೋರಿಸಿ ಕಳಿಸುತ್ತಾರೆ. ಇದರ ಹಿಂದೆಯೂ ಒಂದು ಕಾರಣವಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು, ಮುಂದೆ ಗೇರುಸೊಪ್ಪೆಯಲ್ಲಿ ಇನ್ನೊಂದು. ಕರೆಂಟು ತೆಗೆದು ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಹೊಳೆಯಲ್ಲಿ ಹರಿಯತೊಡಗಿತು. ಸಮುದ್ರದ ಉಪ್ಪು ಮೊದಲಿನಷ್ಟು ಒಳಗೆ ಏರಲಿಲ್ಲ. ಉಪ್ಪುನೀರು ಬೇಡುವ ಚಿಪ್ಪುಜೀವಿಗಳು, ಕೆಲವು ಬಗೆಯ ಮೀನುಗಳು ಶರಾವತಿಯಲ್ಲಿ ಕುಗ್ಗಿದವು. ಅಣೆಕಟ್ಟು ಕಾಣದ ಅಘನಾಶಿನಿಯಲ್ಲಿ ಉಳಿದವು. ಅಲ್ಲಿ ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಸೊಂಟಮಟ್ಟ ನೀರಿನಲ್ಲಿ ನಿಂತು ಕೈಯಿಂದ, ಕಾಲಿನಿಂದ ಬಳಚು ತಡಕಿ ಬುಟ್ಟಿ ತುಂಬಿಸುತ್ತಾರೆ. ಸಮುದ್ರದ ನೀರು ನುಗ್ಗಿದರೂ ಸಾಯದ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳೂ, ಸಾಣಿಕಟ್ಟೆಯ ಉಪ್ಪಿನಾಗರಗಳೂ ಅದೇ ಹೊಳೆಯ ಆಸುಪಾಸಿನಲ್ಲಿವೆ.

ಮೀನು ಹಿಡಿಯುವ ರೀತಿಯೂ ಕಣ್ಣೆದುರೇ ಬದಲಾಯಿತು. ಹಿಂದೆ ಬಂಗಡೆಯ ಹಿಂಡು ದಡದತ್ತ ಬಂದರೆ ಕೇರಿಗೆ ಕೇರಿಯೇ ರಂಪಣಿ ಬಲೆಗೆ ಕೈಹಾಕುತ್ತಿತ್ತು. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದಂತೆ ಬಿಟ್ಟು ಬಂದು, ಎರಡೂ ತುದಿಯ ಹಗ್ಗವನ್ನು ಹತ್ತಾರು ಜನ ದಡದಲ್ಲೇ ನಿಂತು ಜಗ್ಗುವುದು. ಬಂದ ಮೀನಿನಲ್ಲಿ ಎಲ್ಲರಿಗೂ ಪಾಲು. 1970ರ ದಶಕದ ಕೊನೆಯಲ್ಲಿ ಪರ್ಸೀನ್ ದೋಣಿಗಳು ಬಂದು ಹಿಂಡನ್ನು ಆಳದಲ್ಲೇ ಸುತ್ತುವರಿದವು, ದಡದ ರಂಪಣಿಗಳು ಒಂದೊಂದಾಗಿ ಮೂಲೆ ಸೇರಿದವು.

ಈಗ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳ ಸಾರಿಗೆ ಒಣಮೀನೇ ಆಧಾರ. ಕಾಸರಕೋಡಿನ ಟೊಂಕದಲ್ಲಿ ಮರಳಿನ ಮೇಲೆ ಉದ್ದಕ್ಕೆ ಮೀನು ಹರವಿ ಒಣಗಿಸುವುದು ಮೀನುಗಾರ ಹೆಂಗಸರ ಕೆಲಸ. ಇದೇ ಜಾಗದಲ್ಲಿ ಖಾಸಗಿ ವಾಣಿಜ್ಯ ಬಂದರಿನ ಯೋಜನೆ ಬಂದಿದೆ, ಅದನ್ನು ವಿರೋಧಿಸಿ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಅವರ ಮಾತು ನೇರವಾದದ್ದು: ಈ ಮರಳು ಹೋದರೆ ಮೀನು ಒಣಗಿಸುವುದು ಎಲ್ಲಿ?

ಮೇ ತಿಂಗಳ ಕೊನೆಯ ವಾರ ಟೊಂಕಕ್ಕೆ ಹೋದವರಿಗೆ ಈ ಪ್ರಶ್ನೆಯ ತೂಕ ಗೊತ್ತಾಗುತ್ತದೆ. ಹೆಂಗಸರು ಬೆಳಿಗ್ಗೆ ಹರವಿದ್ದನ್ನು ಮಧ್ಯಾಹ್ನ ಮಗುಚಿ ಹಾಕುತ್ತಾರೆ, ನಡುನಡುವೆ ಪಶ್ಚಿಮಕ್ಕೆ ಕಣ್ಣು ಹಾಯಿಸುತ್ತಾರೆ. ಅಳಿವೆಯ ಆಚೆ ಮೋಡ ಕಪ್ಪಾದದ್ದು ಕಂಡರೆ ಮಾತಿಲ್ಲ. ಬುಟ್ಟಿ, ಚೀಲ, ತಾಡಪತ್ರಿ ಏನು ಸಿಕ್ಕರೆ ಅದನ್ನು ಹಿಡಿದು ಮಕ್ಕಳಾದಿಯಾಗಿ ಎಲ್ಲರೂ ಮರಳಿಗೆ ಓಡುತ್ತಾರೆ, ಮೊದಲ ಹನಿ ಬೀಳುವುದರೊಳಗೆ ಮಳೆಗಾಲದ ಸಾರು ಮಾಡಿನ ಕೆಳಗೆ ಸೇರಬೇಕು.